ಎರಡು ಮೊಳದ ಲೆನ್ಸು

"ಅದನ್ನ ಯಾಕೆ ಅಟ್ಟದಿಂದ ಇಳಿಸಿದೆ?"

ವೆಂಕಟಾಚಲ ಬಾಗಿಲಲ್ಲೇ ನಿಂತುಬಿಟ್ಟರು. ಒಂದು ಕೈಯಲ್ಲಿ ಮದುವೆ ಕಾರ್ಡುಗಳ ಕಟ್ಟು, ಇನ್ನೊಂದರಲ್ಲಿ ಸ್ಕೂಟರಿನ ಕೀ. ಊಟದ ಮೇಜಿನ ಮೇಲೆ ಹಾಸಿದ ಹಳೇ ಪೇಪರಿನ ನಡುವೆ ಅವರ ಹರೆಯದ ಕಾಲದ ಲೆನ್ಸು ಬೋರಲಾಗಿ ಕೂತಿತ್ತು. ಪಕ್ಕದಲ್ಲಿ ಕಿರಿಮಗಳು ಧೃತಿ, ಕ್ಯಾಮೆರಾದ ಬಾಯಿಗೆ ಹಾಕುವ ಪ್ಲಾಸ್ಟಿಕ್ ಮುಚ್ಚಳವೊಂದಕ್ಕೆ ನಡುವೆ ತೂತು ಕೊರೆದುಕೊಂಡು, ಅದರ ಅಂಚನ್ನು ಅರದಿಂದ ಉಜ್ಜುತ್ತಿದ್ದಳು. ಮೂಗಿನ ತುದಿಗೆಲ್ಲ ಕಪ್ಪು ಪುಡಿ.

"ಕ್ಯಾಮೆರಾಕ್ಕೆ ಕೂರಿಸ್ತಿದೀನಿ."

"ಯಾವ ಕ್ಯಾಮೆರಾಕ್ಕೆ? ಅದು ಬೂಷ್ಟು ಹಿಡಿದು ಎಷ್ಟು ಕಾಲ ಆಯ್ತು!"

"ಅದಕ್ಕಲ್ಲಪ್ಪ, ಮದುವೆ ಫೋಟೋ ತೆಗೆಯೋ ಹರಿಕೃಷ್ಣನ ಡಿಜಿಟಲ್‌ಗೆ. ತನ್ನ ಎರಡರಲ್ಲಿ ಹಳೇದನ್ನ ಕೊಟ್ಟಿದಾನೆ. ಲೆನ್ಸಿನ ಹಿಂಭಾಗ ಅದಕ್ಕೆ ಕೂರಲ್ಲ. ಈ ಮುಚ್ಚಳ ಕೂರುತ್ತೆ. ಮುಚ್ಚಳಕ್ಕೆ ಲೆನ್ಸು ಅಂಟಿಸಿಬಿಟ್ರೆ ಮುಗೀತು."

ವೆಂಕಟಾಚಲ ಕೀಯನ್ನು ಮೇಜಿನ ಮೇಲೆ ಕುಕ್ಕಿ ಒಳಗೆ ಹೋದರು. ಅವರ ಸಿಟ್ಟು ಲೆನ್ಸಿನ ಮೇಲಲ್ಲ ಅನ್ನುವುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಧೃತಿಗೆ ಫಿಟ್ಸ್ ಬರುತ್ತಿತ್ತು. ಹಾಗಂತ ನೇರವಾಗಿ ಯಾರೂ ಹೇಳುತ್ತಿರಲಿಲ್ಲ; "ಅವಳಿಗೆ ಬೆಳಕು ಆಗಲ್ಲ" ಎನ್ನುತ್ತಿದ್ದರು, ನೆಗಡಿಯಾದವರಿಗೆ ಮೊಸರು ಆಗುವುದಿಲ್ಲ ಎಂಬಂತೆ. ಎಂಟನೇ ಕ್ಲಾಸಿನಲ್ಲಿದ್ದಾಗ, ದೊಡ್ಡಪ್ಪನ ಮಗನ ಮುಂಜಿಯಲ್ಲಿ, ವೆಂಕಟಾಚಲ ಇದೇ ಲೆನ್ಸು ಹಾಕಿದ ಕ್ಯಾಮೆರಾ ಹಿಡಿದು ಒಂದರ ಮೇಲೊಂದು ಫ್ಲಾಶ್ ಹೊಡೆಯುತ್ತಿದ್ದರು. ಎದುರಿಗಿದ್ದ ಮಗಳು ನಿಂತ ನಿಲುವಿನಲ್ಲೇ ನೆಲಕ್ಕೆ ಬಿದ್ದಳು. ಅವತ್ತು ಅಟ್ಟ ಸೇರಿದ ಕ್ಯಾಮೆರಾವನ್ನು ಅವರು ಮತ್ತೆ ಮುಟ್ಟಿರಲಿಲ್ಲ. ಮಾತ್ರೆಯಿಂದ ಕಾಯಿಲೆ ಹತೋಟಿಗೆ ಬಂದಿತ್ತು, ಆದರೆ ಪಟಪಟ ಹೊಡೆಯುವ ಫ್ಲಾಶಿನಿಂದ ದೂರವಿಡಿ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಬಂಧುಬಳಗದ ಯಾವ ಮದುವೆಯಿರಲಿ, ಮುಹೂರ್ತ ಹತ್ತಿರ ಬಂತೆಂದರೆ ಇವಳನ್ನು ಉಗ್ರಾಣದ ಕೋಣೆಗೆ ಕಳಿಸಿಬಿಡುವರು. ಅಲ್ಲಿ ತೆಂಗಿನಕಾಯಿ ಮೂಟೆಗಳ ನಡುವೆ ಕೂತು ಗಟ್ಟಿಮೇಳ ಕೇಳಿದ್ದಳೇ ಹೊರತು, ಅಂದಿನಿಂದ ಮನೆಯವರ ಒಂದು ಧಾರೆಯನ್ನೂ ಕಣ್ಣಾರೆ ಕಂಡಿರಲಿಲ್ಲ. ಯಾವ ಆಲ್ಬಮ್ಮಿನಲ್ಲೂ ಅವಳಿಲ್ಲ. ಈಗ ಮದುವೆ ಸ್ವಂತ ಅಕ್ಕನದು, ಆರಾಧನಾಳದು.

"ನಾನು ಅಕ್ಕನ ಧಾರೆ ನೋಡೇ ನೋಡ್ತೀನಿ," ಎಂದು ಅಡುಗೆಮನೆಗೆ ಕೇಳುವ ಹಾಗೆ ಕೂಗಿದಳು.

"ಫ್ಲಾಶ್ ಇಲ್ದೆ ಧಾರೆ ಫೋಟೋ ಬರುತ್ತೇನೇ? ಮಸಿ ಬಳಿದ ಹಾಗಿರುತ್ತೆ!" ಒಳಗಿಂದಲೇ ಅಪ್ಪನ ದನಿ ಬಂತು. "ಬೀಗರು ಏನಂತಾರೆ? ಆ ಗಂಗಾಧರಯ್ಯನವರು ಆಲ್ಬಂ ವಿಷಯ ಎಷ್ಟು ಸಲ ಹೇಳಿಲ್ಲ."

"ಈ ಲೆನ್ಸಿಗೆ ಫ್ಲಾಶ್ ಬೇಡಪ್ಪ. ದೇವರ ದೀಪ ಇದ್ರೆ ಸಾಕು, ಅಷ್ಟು ಬೆಳಕು ಎಳ್ಕೊಳ್ಳುತ್ತೆ. ನಿಮ್ಮದೇ ಲೆನ್ಸು, ನಿಮಗೇ ಗೊತ್ತಿಲ್ವಾ?"

"ತೋರಿಸು, ಆಮೇಲೆ ನೋಡೋಣ."

ತೋರಿಸು ಅಂದದ್ದೇ ತಪ್ಪಾಯಿತು. ಆಮೇಲೆ ಆ ಹುಡುಗಿ ಹಿಡಿದ ಹಟ ಬಿಡಬೇಕಲ್ಲ! ಮೊದಲನೇ ಮುಚ್ಚಳ ಸೀಳಿತು. ಎರಡನೆಯದರ ತೂತು ದೊಡ್ಡದಾಗಿ ಲೆನ್ಸು ಅದರೊಳಗಿಂದ ಜಾರಿ, ಪುಣ್ಯಕ್ಕೆ ಮಡಿಲಿಗೇ ಬಿತ್ತು. ಮೂರನೆಯದನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಉಜ್ಜಿ, ಅಂಟು ಹಚ್ಚಿ, ಮೇಲೆ ಅಮ್ಮನ ಹಿತ್ತಾಳೆ ಕುಟ್ಟಾಣಿಯನ್ನೇ ಹೇರಿ ಒಣಗಲು ಬಿಟ್ಟಳು. ಆವತ್ತು ತಾಯಿ ಅಲಮೇಲಮ್ಮ ಏಲಕ್ಕಿ ಕುಟ್ಟಲು ಪಕ್ಕದ ಮನೆಗೆ ಹೋಗಬೇಕಾಯಿತು.

ಲೆನ್ಸು ಗಟ್ಟಿಯಾಗಿ ಕೂತಿತು. ಸಂಜೆ ದೇವರ ಮುಂದೆ ದೀಪ ಹಚ್ಚಿ ಹೂಬತ್ತಿ ಹೊಸೆಯುತ್ತಿದ್ದ ಅಮ್ಮನ ಮಗ್ಗುಲಲ್ಲಿ ಧೃತಿ ಮಂಡಿಯೂರಿದಳು. ಸೊಗಸಾದ ಲೆನ್ಸೇನೋ ಹೌದು, ಆದರೆ ಬಲು ಮೊಂಡು. ಬೆರಳಿನ ದಪ್ಪದಷ್ಟು ಜಾಗ ಮಾತ್ರ ಸ್ಪಷ್ಟ, ಅದರ ಹಿಂದುಮುಂದೆಲ್ಲ ಮಸುಕು. ಉಸಿರು ಬಿಗಿಹಿಡಿದು, ತಾನೇ ಚೂರು ಮುಂದಕ್ಕೆ ಬಾಗಿ, ಚೂರು ಹಿಂದಕ್ಕೆ ಸರಿದು, ಅಮ್ಮನ ರೆಪ್ಪೆ ಎದ್ದು ಕಂಡ ಕ್ಷಣಕ್ಕೆ ಒತ್ತಿದಳು.

ಕ್ಯಾಮೆರಾದ ಪುಟ್ಟ ಪರದೆಯನ್ನು ವೆಂಕಟಾಚಲ ಕನ್ನಡಕ ಏರಿಸಿ ನೋಡಿದರು. ದೀಪದ ಬೆಳಕು ಹೆಂಡತಿಯ ಕೆನ್ನೆಯ ಮೇಲೆ, ಮೂಗುಬೊಟ್ಟಿನ ಮೇಲೆ. ಮಿಕ್ಕದ್ದೆಲ್ಲ ಬೆಚ್ಚಗೆ ಕರಗಿಹೋಗಿತ್ತು.

"ಇದು ನನ್ನ ಲೆನ್ಸೇನೇ?" ಎಂದರು. "ಹರಿಕೃಷ್ಣನಿಗೆ ಹೇಳು, ಧಾರೆ ಹೊತ್ತಿಗೆ ಈ ಲೆನ್ಸಲ್ಲೇ ತೆಗೀಲಿ, ಫ್ಲಾಶ್ ಬೇಡ. ಬೀಗರು ಕೇಳಿದ್ರೆ ಇದು ಹೊಸ ಫ್ಯಾಷನ್ ಅಂದ್ಬಿಡೋಣ. ನಿನ್ನ ವಿಷಯ ಮಾತ್ರ ಬಾಯಿ ಬಿಡಬೇಡ, ಗೊತ್ತಾಯ್ತಾ?"

ಧೃತಿ ತಲೆಯಾಡಿಸಿದಳು. ಹೆಣ್ಣಿನ ತಂಗಿಗೆ ಫಿಟ್ಸ್ ಎಂದು ಗೊತ್ತಾಗಿ ಒಮ್ಮೆ ಆರಾಧನಾಳ ಸಂಬಂಧ ತಪ್ಪಿಹೋಗಿತ್ತು. ಈ ಸಲ ಆರಾಧನಾ ಹುಡುಗನಿಗೆ, ಅಭಿರಾಮನಿಗೆ, ಎಲ್ಲ ಹೇಳಿದ್ದಳು. ಅವನು ಅದನ್ನು ತನ್ನ ಅಪ್ಪ ಗಂಗಾಧರಯ್ಯನವರ ಕಿವಿಗೆ ಹಾಕಿರಲಿಲ್ಲ.

ಎಲ್ಲ ಸರಿಹೋಯಿತು ಅಂದುಕೊಂಡರು. ಆದರೆ ಆ ಪುಟ್ಟ ಮನೆಯಲ್ಲಿ ಅವಳು ಹಿಡಿದು ನೋಡಿದ್ದೆಲ್ಲ ಮೇಜಿನ ಮೇಲಿನದು, ಮಗ್ಗುಲಿನದು, ಕೈಗೆಟಕುವಂಥದು. ಹಾಲಿನ ಈ ತುದಿಯಿಂದ ಆ ತುದಿಯನ್ನು ನೋಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಬಸವನಗುಡಿಯ ಛತ್ರದಲ್ಲಿ, ವರಪೂಜೆಯ ಸಂಜೆ, ಬೀಗರು ಬರುವುದಕ್ಕೆ ಮುಂಚೆ ಹರಿಕೃಷ್ಣ ಮಂಟಪದ ಎದುರಿಗೆ ನಿಂತು ಕ್ಯಾಮೆರಾ ಕಣ್ಣಿಗೇರಿಸಿದ. ಲೆನ್ಸನ್ನು ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ. ಅವನ ತಾಯಿ ದ್ರೌಪದಮ್ಮ ತಳ್ಳುಗಾಡಿಯಲ್ಲಿ ತರಕಾರಿ ತರುತ್ತಿದ್ದ ಕಾಲದಿಂದ ಈ ಮನೆಯವರಿಗೆ ಬೇಕಾದ ಹುಡುಗ. ಆಗಲ್ಲ ಅನ್ನುವುದಕ್ಕೆ ಅವನಿಗೆ ಸಂಕೋಚ.

"ಧೃತಿ ಮೇಡಂ, ದೂರದ್ದು ಹಿಡೀತಾನೇ ಇಲ್ವಲ್ಲ. ಮಂಟಪ ಪೂರ್ತಿ ಮಂಜು ಮಂಜು."

ಅವಳು ಕಿತ್ತುಕೊಂಡು ನೋಡಿದಳು. ಮಂಟಪದ ಬಾಳೆಕಂಬ ಹಸಿರು ಮುದ್ದೆಯಾಗಿತ್ತು. ಹೆಜ್ಜೆ ಹೆಜ್ಜೆಯಾಗಿ ಹತ್ತಿರ ಹೋದಳು. ಬಾಳೆಕಂಬದಿಂದ ಎರಡು ಮೊಳ ದೂರಕ್ಕೆ ಬಂದ ಮೇಲೆಯೇ ಎಲೆಯ ನರ ಕಂಡದ್ದು. ಛೇ! ಬಿ.ಎಸ್ಸಿ.ಯಲ್ಲಿ ಲೆನ್ಸಿನ ಪಾಠ ಓದಿದವಳಿಗೆ ಇಷ್ಟು ಹೊಳೆಯಬಾರದಿತ್ತೆ? ಮುಚ್ಚಳದ ದಪ್ಪವೇ ಲೆನ್ಸನ್ನು ಅದರ ಜಾಗದಿಂದ ಮುಂದಕ್ಕೆ ದೂಡಿಬಿಟ್ಟಿತ್ತು. ಅಷ್ಟು ಮುಂದೆ ಸರಿದ ಲೆನ್ಸಿಗೆ ಹತ್ತಿರದ್ದಷ್ಟೇ ಕಣ್ಣು. ಈಗ ಕಿತ್ತು ಸರಿಮಾಡುವಂತಿರಲಿಲ್ಲ, ಅಂಟು ಕಲ್ಲಾಗಿತ್ತು.

"ಹೋಗ್ಲಿ ಬಿಡಮ್ಮ," ಎಂದರು ವೆಂಕಟಾಚಲ, ಮೆತ್ತಗೆ. ಬೈದಿದ್ದರೆ ಅವಳಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. "ನೀನು ಪಟ್ಟ ಪಾಡು ಪಟ್ಟಿದೀಯ. ಒಂದು ಹತ್ತು ನಿಮಿಷ ಉಗ್ರಾಣದಲ್ಲಿ ಕೂತ್ಕೊ. ಹರಿಕೃಷ್ಣ ಯಾವಾಗಿನ ಹಾಗೆ ತೆಗೀಲಿ."

"ಕೂರಲ್ಲ."

"ಧೃತಿ—"

"ಕೂರಲ್ಲ ಅಂದ್ರೆ ಕೂರಲ್ಲ ಅಪ್ಪ. ತೆಂಗಿನಕಾಯಿ ಕಾಯೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ." ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಅಲುಗಲಿಲ್ಲ. ತಾಯಿಯ ಕಡೆ ತಿರುಗಿದಳು. "ಅಮ್ಮ, ಧಾರೆ ಹೊತ್ತಲ್ಲಿ ಅಕ್ಕನಿಗೆ ಎರಡು ಮೊಳದಷ್ಟು ಹತ್ತಿರ ಯಾರ್ಯಾರು ನಿಲ್ತಾರೆ?"

ಅಲಮೇಲಮ್ಮ ಹೂವಿನ ಬುಟ್ಟಿ ಕೆಳಗಿಟ್ಟರು. "ನಾವಿಬ್ಬರು, ಪುರೋಹಿತರು, ಆಮೇಲೆ ಕಳಸಗಿತ್ತಿ." ಸ್ವಲ್ಪ ತಡೆದು ಗಂಡನತ್ತ ನೋಡಿದರು. "ಅದು ಹೆಣ್ಣಿನ ತಂಗಿಯ ಜಾಗ ರೀ. ಇವಳು ಬರೋ ಹಾಗಿಲ್ಲ ಅಂತ ನಿಮ್ಮ ತಂಗಿ ಮಗಳಿಗೆ ಹೇಳಿರೋದು."

"ನನ್ನ ಜಾಗ ನನಗೆ ಕೊಡಿ. ಎಡಗೈಲಿ ಕಳಸ, ಬಲಗೈಲಿ ಕ್ಯಾಮೆರಾ. ದೂರದಿಂದ ಹಿಡಿಯಲ್ಲ ತಾನೆ? ಹತ್ತಿರದಿಂದ ನಾನೇ ಹಿಡೀತೀನಿ."

"ಅಲ್ಲಿ ನಿಂತಿರುವಾಗ ಏನಾದ್ರೂ ಹೆಚ್ಚುಕಡಿಮೆ ಆದ್ರೆ?" ಎಂದರು ವೆಂಕಟಾಚಲ.

"ಸಾರ್, ನನ್ನ ಫ್ಲಾಶನ್ನ ಸ್ಟುಡಿಯೋದಲ್ಲೇ ಬಿಟ್ಟು ಬರ್ತೀನಿ," ಎಂದ ಹರಿಕೃಷ್ಣ. "ನನ್ನ ಕಡೆಯಿಂದ ಏನೂ ಆಗಲ್ಲ."

ಮಾರನೆಯ ಬೆಳಗ್ಗೆ ಧೃತಿ ಹಸಿರು ರೇಷ್ಮೆ ಸೀರೆಯುಟ್ಟು, ಕಳಸವನ್ನು ಎಡಗಡೆ ಸೊಂಟಕ್ಕೆ ಒರಗಿಸಿಕೊಂಡು, ಕ್ಯಾಮೆರಾವನ್ನು ಕೊರಳಿಗೆ ನೇತುಹಾಕಿಕೊಂಡು ಮಂಟಪ ಹತ್ತಿದಳು. ಇಂಥ ಕಳಸಗಿತ್ತಿಯನ್ನು ಆ ಛತ್ರ ಕಂಡಿರಲಿಕ್ಕಿಲ್ಲ. ಆರಾಧನಾ ತಿರುಗಿ ನೋಡಿ, ಬಾಸಿಂಗದ ಕೆಳಗೇ ನಕ್ಕು, "ಬಂದ್ಬಿಟ್ಯಲ್ಲೇ!" ಎಂದಳು. ಅಕ್ಕನ ಬೆನ್ನಿಗೆ ಅಷ್ಟು ಹತ್ತಿರ ನಿಂತಾಗ ಧೃತಿಗೆ ಎದೆ ತುಂಬಿ ಬಂತು.

ಆದರೆ ಅವಳು ಹಾಲಿನತ್ತ ನೋಡಿದ್ದು ಆಗಲೇ. ಮೊದಲ ಸಾಲಿನ ಹುಡುಗರ ಕೈಯಲ್ಲೆಲ್ಲ ಪುಟ್ಟ ಪುಟ್ಟ ಕ್ಯಾಮೆರಾಗಳು! ಬೀಗರ ಅಕ್ಕತಂಗಿಯರ ಮಕ್ಕಳು, ಹೊಸ ಆಟಿಕೆ ಸಿಕ್ಕ ಹಾಗೆ ಎತ್ತಿ ಹಿಡಿದು ಕಾದಿದ್ದರು. ಹರಿಕೃಷ್ಣ ಒಬ್ಬನ ಫ್ಲಾಶ್ ಬಿಟ್ಟುಬಂದರೆ ಆಯಿತೆ? ಒಂದು ಮಿಂಚಿತು. ಅವಳು ಕಣ್ಣು ಗಟ್ಟಿಯಾಗಿ ಮುಚ್ಚಿದಳು. ಕಳಸದ ನೀರು ತುಳುಕಿ ಮುಂಗೈ ಮೇಲೆ ಹರಿಯಿತು.

ಅಷ್ಟರಲ್ಲಿ ಗಂಗಾಧರಯ್ಯನವರೂ ಮಂಟಪದ ಮೆಟ್ಟಿಲ ಬಳಿ ಬಂದಿದ್ದರು. ಎತ್ತರದ ಆಳು, ಜರಿಯಂಚಿನ ಬಿಳಿ ಶಲ್ಯ, ಏರುದನಿ. "ಏನ್ರೀ ಬೀಗರೇ, ಫೋಟೋದವನು ಫ್ಲಾಶೇ ತಂದಿಲ್ವಂತೆ? ಇರೋನು ಒಬ್ಬನೇ ಮಗ. ಅವನ ಧಾರೆ ಕತ್ತಲಲ್ಲಿ ಬರ್ಬೇಕಾ?"

"ಅದು... ಈಗ ಹೊಸ ಫ್ಯಾಷನ್ನು," ವೆಂಕಟಾಚಲ ತೊದಲಿದರು.

ಹಿಂದಕ್ಕೆ ಸರಿದರೆ ಉಗ್ರಾಣ ಹತ್ತೇ ಹೆಜ್ಜೆ. ಧೃತಿ ಹಿಂದಕ್ಕೆ ಸರಿಯಲಿಲ್ಲ.

"ಫ್ಯಾಷನ್ ಅಲ್ಲ, ಮಾಮ," ಎಂದಳು. "ನನಗೆ ಫಿಟ್ಸ್ ಬರುತ್ತೆ. ಫ್ಲಾಶ್ ಮೇಲೆ ಫ್ಲಾಶ್ ಬಿದ್ರೆ ಇಲ್ಲೇ ಬಿದ್ದುಹೋಗ್ತೀನಿ. ಅದಕ್ಕೆ ನಾವೇ ಬೇಡ ಅಂದ್ವಿ. ನಾನು ಅಕ್ಕನ ಧಾರೆ ನೋಡ್ಬೇಕು."

ವಾಲಗದವನು ಕೂಡ ಉಸಿರು ನುಂಗಿಕೊಂಡ. ಹಸೆಮಣೆಯ ಮೇಲಿಂದ ಅಭಿರಾಮ "ಅಪ್ಪ, ನನಗೆ ಗೊತ್ತಿತ್ತು, ನಾನೇ..." ಎಂದದ್ದು ಅರ್ಧಕ್ಕೇ ನಿಂತಿತು. ಗಂಗಾಧರಯ್ಯನವರು ಕೈಯೆತ್ತಿ ಸುಮ್ಮನಾಗಿಸಿದ್ದರು.

"ಮೊದಲೇ ಹೇಳ್ಬೇಕಾಗಿತ್ತು ವೆಂಕಟಾಚಲ ಅವರೇ," ಎಂದರು. ಅಷ್ಟೇ ಮಾತು. ಮೋರೆ ಗಂಟು ಹಾಕಿಕೊಂಡು ಮೆಟ್ಟಿಲಿಳಿದು ಹೋಗಿಬಿಟ್ಟರು.

ಪುರೋಹಿತರು ಗಡಿಯಾರ ನೋಡಿಕೊಂಡರು. "ಮುಹೂರ್ತ ಮೀರಬಾರದು. ಹೂಂ, ಕನ್ಯಾಪಿತೃಗಳು ಈ ಕಡೆ ಬನ್ನಿ." ಅಂತರಪಟ ಸರಿಯಿತು, ಜೀರಿಗೆ ಬೆಲ್ಲ ಹಾರಿತು, ಗಟ್ಟಿಮೇಳ ಮೊಳಗಿತು. ಧೃತಿಯ ಎದೆಯೂ ಅದರ ಜೊತೆ ಬಡಿದುಕೊಂಡಿತು. ಮದುವೆಯನ್ನು ತಾನೇ ಕೆಡಿಸಿಬಿಟ್ಟೆನೆ? ಈಗ ಬೀಳುತ್ತೆ, ಈಗ ಫ್ಲಾಶ್ ಬೀಳುತ್ತೆ ಎಂದು ಬೆನ್ನೆಲ್ಲ ಬೆವೆತಿತು. ಆದರೂ ಕಳಸವನ್ನು ಸೊಂಟಕ್ಕೆ ಒತ್ತಿ, ಬಲಗೈಯಲ್ಲಿ ಕ್ಯಾಮೆರಾ ಎತ್ತಿ, ಉಸಿರು ಹಿಡಿದು ಮುಂದಕ್ಕೆ ಬಾಗಿದಳು.

ಭಾವನ ಅಂಗೈ ಮೇಲೆ ಅಕ್ಕನ ಅಂಗೈ, ಅದರ ಮೇಲೆ ತೆಂಗಿನಕಾಯಿ. ಅಪ್ಪನ ಗೆಣ್ಣು. ಅಮ್ಮನ ಬಳೆ. ಅಮ್ಮ ತಂಬಿಗೆ ಬಗ್ಗಿಸಿದರು, ನೀರು ದಾರದ ಹಾಗೆ ಇಳಿಯಿತು. ಒತ್ತಿದಳು. ಮತ್ತೆ ಒತ್ತಿದಳು. ಧಾರೆ ಅಂದರೆ ಇದು! ಇಷ್ಟು ಹತ್ತಿರ, ಇಷ್ಟು ನಿಧಾನ. ಅವಳ ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಧಾರೆಯುದ್ದಕ್ಕೂ ಒಂದು ಫ್ಲಾಶೂ ಬೀಳಲಿಲ್ಲ. ಅದು ಅರಿವಾದದ್ದೇ ಅವಳು ತಲೆ ಎತ್ತಿದಳು.

ಮಂಟಪದ ಅಂಚಿನಲ್ಲಿ ಗಂಗಾಧರಯ್ಯನವರು ನಿಂತಿದ್ದರು. ಜರಿ ಶಲ್ಯವನ್ನು ಎರಡು ಕೈಯಲ್ಲೂ ಅಗಲಕ್ಕೆ ಎತ್ತಿ ಹಿಡಿದು, ಹಾಲಿನ ಕಡೆ ಮುಖ, ಮಂಟಪದ ಕಡೆ ಬೆನ್ನು. ಅತ್ತಲಿಂದ ಅವರ ದನಿ ಕೇಳುತ್ತಿತ್ತು: "ಇಳಿಸ್ರೋ ಅದನ್ನ! ಏಯ್, ನಿನಗೇ ಹೇಳಿದ್ದು, ಇಳಿಸು!" ಹಿಂದೆ ಅಕ್ಷತೆ ಬೀಳುತ್ತಿದ್ದರೂ ಒಂದು ಸಲವಾದರೂ ತಿರುಗಲಿಲ್ಲ.

ಧೃತಿ ಕ್ಯಾಮೆರಾವನ್ನು ಅವರ ಕಡೆ ತಿರುಗಿಸಿದಳು. ಅವರು ನಿಂತದ್ದು ಎರಡು ಮೊಳದಾಚೆ. ಎಷ್ಟು ಬಾಗಿದರೂ ಲೆನ್ಸಿನಲ್ಲಿ ಕಂಡದ್ದು ಅಗಲವಾದ ಒಂದು ಬಿಳಿ ಮಸುಕು, ಅದರ ಅಂಚಿಗೆ ಹೊನ್ನಿನ ಗೆರೆ. ಉಸಿರು ಬಿಗಿಹಿಡಿದು ಅದನ್ನೂ ಒತ್ತಿಕೊಂಡಳು.