ಕೆಂಪಿರುವೆಯ ಅಭಿಪ್ರಾಯ

ಬೆಕಾಸಿ ಪಟ್ಟಣದ ನಮ್ಮ ಗಲ್ಲಿಯಲ್ಲಿ ಇಸ್ತ್ರಿ ಅಂಗಡಿಯ ವೆನಿಂಗ್ ಎಂದರೆ ಮಾತು ಕಡಿಮೆ, ಕೆಲಸ ಅಚ್ಚುಕಟ್ಟು ಎಂದು ಹೆಸರು. ಆ ವೆನಿಂಗ್ ನಾನೇ. ಫೋನಿನಲ್ಲಿ ಕಾಮೆಂಟು ಬರೆಯುವಾಗ ಮಾತ್ರ ನನ್ನ ಹೆಸರು ಕೆಂಪಿರುವೆ. ಇಸ್ತ್ರಿ ಒತ್ತುತ್ತಾ ಟಿ.ವಿ. ನೋಡುವುದು, ಬಟ್ಟೆ ಮಡಚಿಟ್ಟು ಮೂರು ಸಾಲು ಗೀಚುವುದು ನನ್ನ ಚಾಳಿ. ಆ ದಾಂಗ್‌ದುತ್ ಹಾಡುಗಳ ಗಾಯಕಿಗೆ ಅಂಟಿಸಿದ ರೆಪ್ಪೆಯ ಭಾರಕ್ಕೇ ಶ್ರುತಿ ಕುಸಿಯುತ್ತದೆ; ಈ ಸಿನಿಮಾದ ದೆವ್ವ ಗೋರಿಯಿಂದಲ್ಲ, ಬ್ಯೂಟಿ ಪಾರ್ಲರಿನಿಂದ ಎದ್ದು ಬಂದಿದೆ. ಇಂಥವೇ. ಓದಿ ನಗುವವರು ಸಾವಿರಾರು ಮಂದಿ. ಕೆಂಪಿರುವೆ ಯಾರೆಂದು ಒಬ್ಬರಿಗೂ ಗೊತ್ತಿಲ್ಲ, ನಮ್ಮ ಬುಡೆಗೂ.

ಬುಡೆ ಎಂದರೆ ಅಮ್ಮನ ಅಕ್ಕ, ವಾರ್ತಿನಿ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು. ಹತ್ತೊಂಬತ್ತು ವರ್ಷ ಧಾರಾವಾಹಿಗಳಲ್ಲಿ ಟ್ರೇ ಹಿಡಿದು ನಿಂತು, ಗುಂಪಿನಲ್ಲಿ ನಡೆದು, ಶವದ ಪಕ್ಕ ಕೂತು, ಕೊನೆಗೂ ಈ ವರ್ಷ ಒಂದು ಪಾತ್ರ ಸಿಕ್ಕಿತ್ತು. ಶ್ರೀಮಂತರ ಮನೆಯ ಅಡುಗೆಯಾಕೆ. ಮೊದಲ ಬಾರಿಗೆ ಅವಳ ಹೆಸರು ಪರದೆಯ ಮೇಲೆ ಬಂದ ದಿನ ಗಲ್ಲಿಗೆಲ್ಲ ಹಬ್ಬದ ಹಳದಿ ಅನ್ನ ಹಂಚಿದ್ದಳು.

ಸೋಮವಾರ ಸಂಜೆ ಕೆಂಪಿರುವೆ ಬರೆದಳು: “ಈ ಅಡುಗೆಯಾಕೆ ಅಳುವುದು ದುಃಖಕ್ಕೋ ಈರುಳ್ಳಿಗೋ ತಿಳಿಯದು. ಯಾರಾದರೂ ಅವಳಿಗೆ ಊರಿನ ಬಸ್ ಟಿಕೆಟ್ ತೆಗೆಸಿಕೊಡಿ.” ಬುಡೆಯ ಮೇಲೆ ನನಗೆ ಸಿಟ್ಟೇನೂ ಇರಲಿಲ್ಲ. ಅಂದು ಬರೆಯಲು ಬೇರೇನೂ ಹೊಳೆಯಲಿಲ್ಲ, ಅಷ್ಟೇ.

ಬೆಳಗಾಗುವಷ್ಟರಲ್ಲಿ ನಲವತ್ತು ಸಾವಿರ ಜನ ಮೆಚ್ಚಿದ್ದರು. ಈ ಧಾರಾವಾಹಿಗಳು ಇವತ್ತು ತೆಗೆದು ನಾಳೆ ತೋರಿಸುವ ಸರಕು. ಬರೆಯುವವರು ಕಥೆಗಿಂತ ಹೆಚ್ಚಾಗಿ ಜನರ ಕಾಮೆಂಟುಗಳನ್ನೇ ನೋಡುತ್ತ ಕೂರುತ್ತಾರೆ. ಜನಕ್ಕೆ ಬೇಡವಾದ ಪಾತ್ರ ಮೆಟ್ಟಿಲಿಂದ ಬೀಳುತ್ತದೆ, ಇಲ್ಲವೇ ಊರಿಗೆ ಹೋಗುತ್ತದೆ. ಇದು ಗೊತ್ತಿದ್ದೂ ಬರೆದಿದ್ದೆ.

ಅಳಿಸಿದೆ. ಆದರೆ ಅಷ್ಟರಲ್ಲಿ ಅದರ ಫೋಟೋ ಊರೆಲ್ಲ ಓಡಾಡುತ್ತಿತ್ತು. ಅಡುಗೆಯಾಕೆಯಿಲ್ಲದೆ ಆ ಧಾರಾವಾಹಿಯೇ ಇಲ್ಲ ಎಂದು ಬುಧವಾರ ಬರೆದೆ. ಹನ್ನೊಂದು ಜನ ಮೆಚ್ಚಿದರು. ಉಳಿದವರು, ಹೀಗೆ ಹೊಗಳಲು ಯಾರು ಎಷ್ಟು ದುಡ್ಡು ಕೊಟ್ಟರು ಎಂದು ಕೇಳಿದರು. ಗುರುವಾರದ ಸ್ಕ್ರಿಪ್ಟಿನಲ್ಲಿ ಬುಡೆಗೆ ಒಂಬತ್ತು ಮಾತಿನ ಜಾಗದಲ್ಲಿ ಎರಡೇ ಮಾತು ಬಂತು. ನಾಯಕಿಗೆ ಶೀತವಾಗಿ ದೃಶ್ಯ ಕಡಿಮೆ ಮಾಡಿದ್ದಾರೆ ಎಂದು ಅವಳೇ ನನಗೆ ಸಮಾಧಾನ ಹೇಳಿದಳು. ಅಂದು ಒಬ್ಬ ಗಿರಾಕಿಯ ಬಾತಿಕ್ ಅಂಗಿಯ ತೋಳು ಸುಟ್ಟೆ.

ಶುಕ್ರವಾರ ಮಧ್ಯಾಹ್ನ ಬುಡೆಯ ಫೋನಿಗೆ ಸ್ಕ್ರಿಪ್ಟ್ ಬಂತು. ಸಣ್ಣ ಅಕ್ಷರ ಅವಳ ಕಣ್ಣಿಗೆ ಹತ್ತುವುದಿಲ್ಲ. ಅವಳ ಮಾತು ಓದಿ ಹೇಳಿಕೊಟ್ಟು, ಉಳಿದ ಎಲ್ಲರ ಮಾತನ್ನೂ ನಾನೇ ಆಡಿ ತಾಲೀಮು ಮಾಡಿಸುವುದು ವಾಡಿಕೆ. ಅವತ್ತು ನಾನು ಯಜಮಾನನಾಗಬೇಕಿತ್ತು.

“ಸಾಕು, ಅಳಬೇಡ,” ಎಂದು ಓದಿದೆ. ಮುಂದಿನ ಸಾಲು ಕಣ್ಣಿಗೆ ಬಿತ್ತು, ಅದನ್ನೂ ಓದಿದೆ. “ತಗೋ, ನಿನ್ನ ಊರಿನ ಬಸ್ ಟಿಕೆಟ್.”

ಬುಡೆ ಇಸ್ತ್ರಿ ಮೇಜಿಗೆ ಒರಗಿ ನಿಂತಳು. ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಎಷ್ಟೋ ಪಾತ್ರಗಳು ಊರಿಗೆ ಹೋದದ್ದನ್ನು ಟ್ರೇ ಹಿಡಿದೇ ನೋಡಿದ್ದಳು. ಮೇಕಪ್ ಹುಡುಗಿ ಮಂಗಳವಾರವೇ ಆ ಕಾಮೆಂಟು ಓದಿ ಹೇಳಿದ್ದಳಂತೆ. ನನಗೆ ಬೇಜಾರಾದೀತೆಂದು ಬುಡೆ ಬಾಯಿ ಬಿಟ್ಟಿರಲಿಲ್ಲ.

“ಆ ಕೆಂಪಿರುವೆಗೊಂದು ಮೆಸೇಜ್ ಹಾಕು ಮಗಾ,” ಎಂದಳು.

ಬೈಯಬೇಕಾ ಎಂದು ಕೇಳಿದೆ. ಬೈದರೆ ಸಾಕಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

“ಬೈಯೋದ್ಯಾಕೆ? ಅವ್ಳು ಹೇಳಿದ್ದೆಲ್ಲಾ ಸರಿಯಾಗೇ ಇರುತ್ತೆ. ಆ ದೆವ್ವದ್ದು ಹೇಳಿದ್ಳಲ್ಲ, ಸೆಟ್ಟಲ್ಲಿ ಎಲ್ರೂ ಹೊಟ್ಟೆ ಹುಣ್ಣಾಗೋ ಹಂಗೆ ನಕ್ಕಿದ್ವಿ. ನನ್ ಅಳು ಎಲ್ಲಿ ತಪ್ಪಿತು ಅಂತ ಕೇಳು. ಮರ್ಯಾದೆಯಿಂದ ಕೇಳು. ನಾಳೆ ಇನ್ನೊಂದು ಸೀನ್ ಉಳಿದಿದೆ, ಅದನ್ನಾದ್ರೂ ತಿದ್ಕೋತೀನಿ.”

ಅವಳ ಫೋನಿನಲ್ಲಿ ಟೈಪು ಮಾಡಿದೆ. ಕಳಿಸದೆ ಕಳಿಸಿದೆ ಎನ್ನಬಹುದಿತ್ತು. ಆದರೆ ಅವಳು ಕನ್ನಡಕ ಏರಿಸಿ ನನ್ನ ಭುಜದ ಮೇಲಿನಿಂದ ನೋಡುತ್ತಿದ್ದಳು. ಒತ್ತಿದೆ.

ಇಸ್ತ್ರಿ ಮೇಜಿನ ಮೇಲಿದ್ದ ನನ್ನ ಫೋನು ಗುಂಯ್‌ಗುಟ್ಟಿತು.

“ನಿಂದಕ್ಕೂ ಏನೋ ಬಂತು ನೋಡು,” ಎಂದಳು ಬುಡೆ.

ಇನ್ನು ಅಡಗಿಕೊಳ್ಳುವ ತ್ರಾಣ ನನ್ನಲ್ಲಿರಲಿಲ್ಲ.

“ಅದು ನೀನು ಕಳಿಸಿದ್ದೇ, ಬುಡೆ.”

ಅವಳು ಆ ಫೋನು ನೋಡಿದಳು, ಈ ಫೋನು ನೋಡಿದಳು. ಬೈಗುಳಕ್ಕೆ ಕಾದೆ, ಹೊಡೆತಕ್ಕೂ ಕಾದೆ. ಅವಳು ಪ್ಲಾಸ್ಟಿಕ್ ಸ್ಟೂಲು ಎಳೆದುಕೊಂಡು ನನ್ನೆದುರು ಕೂತಳು.

“ಸರಿ. ಹಂಗಾದ್ರೆ ಎದುರಿಗೇ ಹೇಳು. ಎಲ್ಲಿ ತಪ್ಪಿದೆ?”

ಅವಳು ನಿಜವಾಗಿಯೂ ಕೇಳುತ್ತಿದ್ದಳು. ಕಲಿಯಲು ಬಂದವಳ ಹಾಗೆ ಕೈಕಟ್ಟಿ ಕೂತಿದ್ದಳು. ಸೋಮವಾರ ಆ ದೃಶ್ಯ ಬಂದಾಗ ನಾನು ಟಿ.ವಿ.ಗೆ ಬೆನ್ನು ಹಾಕಿ ಯಾರದೋ ಬೆಡ್‌ಶೀಟು ಮಡಚುತ್ತಿದ್ದೆ. ಅಳು ಕಿವಿಗೆ ಬಿದ್ದಿತ್ತು, ಅಷ್ಟೇ. ಬುಡೆಯ ಮುಖವನ್ನು ನಾನು ನೋಡಿರಲೇ ಇಲ್ಲ.