ಯಂತ್ರಮಾನವನಿಗೆ ಕೊಟ್ಟ ದನಿ

ಅಚ್ಚುಕೂಟದ ಬೈಂಡಿಂಗ್ ವಿಭಾಗದಲ್ಲಿ ಎಲ್ಲರೂ ದಪ್ಪಣ್ಣ ಎಂದು ಕರೆಯುತ್ತಿದ್ದ ಅವನಿಗೆ ವಾರವಿಡೀ ಬಾಯಿಗೆ ಬೀಗ. ಭಾನುವಾರ ಮಧ್ಯಾಹ್ನ ಮಾತ್ರ ಅವನೇ ರಾಜ. ಹಲ್ಲಿನ ಡಾಕ್ಟರಾಗಿದ್ದ ಗೆಳತಿಯ ಮನೆಯಲ್ಲಿ ಕಿಟಕಿಗೆ ಪರದೆ ಎಳೆದು, ನಾಲ್ವರು ಗೆಳೆಯರು ಐವತ್ತು ಅರವತ್ತು ವರ್ಷ ಹಿಂದಿನ ವೈಜ್ಞಾನಿಕ ಸಿನಿಮಾ ನೋಡುತ್ತಿದ್ದರು. ರಟ್ಟಿನ ರಾಕೆಟ್ಟು, ದಾರ ಕಾಣುವ ಹಾರುವ ತಟ್ಟೆ, ಬೆನ್ನ ಮೇಲೆ ಜಿಪ್ಪಿರುವ ರಾಕ್ಷಸ. ಎಷ್ಟು ಕೆಟ್ಟದಾಗಿದ್ದರೆ ಅಷ್ಟು ಖುಷಿ. ಶಬ್ದ ತೆಗೆದುಬಿಟ್ಟು ಪಾತ್ರಗಳಿಗೆ ತಾವೇ ಮಾತು ಹೊಂದಿಸುವುದು ಅವರ ಆಟ. ಡಾಕ್ಟರ್ ನಾಯಕಿ, ಭೂಗೋಳದ ಮೇಷ್ಟ್ರು ವಿಜ್ಞಾನಿ, ಟ್ಯಾಕ್ಸಿ ಓಡಿಸುವವನು ಉಳಿದ ಊರೆಲ್ಲ. ಯಂತ್ರಮಾನವ ಮಾತ್ರ ದಪ್ಪಣ್ಣನ ಪಾಲು. ಏರಿಳಿತವಿಲ್ಲದ, ಜೀರುಂಡೆ ಗುಂಯ್‌ಗುಡುವಂಥ ದನಿಯಲ್ಲಿ ಅವನು "ಭೂಮಿಯವರೇ, ಶರಣಾಗಿ" ಅಂದರೆ ಸಾಕು, ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಉರುಳುತ್ತಿದ್ದರು. ಈ ದನಿ ಎಲ್ಲಿಂದ ತಂದೆಯೋ ಎಂದು ಕೇಳಿದರೆ, ಹಾಗೇ ಬಂತು ಎನ್ನುತ್ತಿದ್ದ.

ಹಾಗೇ ಬಂದದ್ದಲ್ಲ. ಅದು ಅಚ್ಚುಕೂಟದಲ್ಲಿ ಕಾಗದ ಕತ್ತರಿಸುವ ಮಾವನ ದನಿ. ಮಾವ ಅಂದರೆ ಸಂಬಂಧವೇನಲ್ಲ, ವಯಸ್ಸಿಗೆ ಎಲ್ಲರೂ ಹಾಗೆ ಕರೆಯುತ್ತಿದ್ದರು. ಕಾಯಿಲೆಯಿಂದ ಧ್ವನಿಪೆಟ್ಟಿಗೆ ತೆಗೆದ ಮೇಲೆ, ಪುಟ್ಟ ಟಾರ್ಚಿನಂಥ ಉಪಕರಣವನ್ನು ಕುತ್ತಿಗೆಗೆ ಒತ್ತಿಕೊಂಡು ಮಾತಾಡುತ್ತಿದ್ದರು. ದಪ್ಪಣ್ಣನಿಗೆ ಕೈಹಿಡಿದು ಕೆಲಸ ಕಲಿಸಿದವರು ಅವರೇ.

ಒಂದು ದಿನ ಊಟದ ಹೊತ್ತಿನಲ್ಲಿ ಭಾನುವಾರದ ಸುದ್ದಿ ಮಾವನ ಕಿವಿಗೆ ಬಿತ್ತು. ಹರೆಯದಲ್ಲಿ ಅಂಥ ಸಿನಿಮಾಗಳನ್ನು ಒಂದೊಂದನ್ನೂ ಮೂರು ಮೂರು ಸಲ ನೋಡಿದ್ದೆ, ನಾನೂ ಬರಲಾ ಎಂದು ಕೇಳಿದರು. ಇಲ್ಲವೆನ್ನಲು ದಪ್ಪಣ್ಣನಿಗೆ ನಾಲಿಗೆ ಏಳಲಿಲ್ಲ. ಈ ಸಲ ಯಂತ್ರಮಾನವನಿಲ್ಲದ ಚಿತ್ರ ಹಾಕು ಎಂದು ಡಾಕ್ಟರಿಗೆ ಹೇಳಿ ನೋಡಿದ. ಅದಿಲ್ಲದೆ ಏನು ಮಜಾ ಎಂದು ಅವಳು ಒಪ್ಪಲಿಲ್ಲ.

ಭಾನುವಾರ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಸೋಫಾದ ತುದಿಯಲ್ಲಿ ಕೂತು, ಉಪಕರಣವನ್ನು ಕುತ್ತಿಗೆಗೆ ಒತ್ತಿ, "ನಮಸ್ಕಾರ. ಕರೆದದ್ದು ಸಂತೋಷ" ಅಂದರು.

ಅದೇ ದನಿ ಕೇಳಿ ಹೊರಟ ಮೇಷ್ಟ್ರ ನಗು ಅರ್ಧಕ್ಕೇ ನಿಂತಿತು. ಮೂವರೂ ದಪ್ಪಣ್ಣನ ಕಡೆ ತಿರುಗಿದರು. ಅವನು ತನ್ನ ಕಾಲ್ಬೆರಳು ನೋಡುತ್ತ ಕೂತ.

ಚಿತ್ರ ಶುರುವಾಯಿತು. ಶಬ್ದ ಯಾಕಿಲ್ಲ ಎಂದು ಮಾವ ಕೇಳಿದಾಗ ಡಾಕ್ಟರ್ ತಡವರಿಸುತ್ತ ಆಟ ವಿವರಿಸಿದಳು. ಯಂತ್ರಮಾನವ ಬಂದೊಡನೆ ಮಾವ ದಪ್ಪಣ್ಣನನ್ನು ಮೊಣಕೈಯಿಂದ ತಿವಿದು, ಮಾಡು ಎಂದು ಸನ್ನೆ ಮಾಡಿದರು. ಬೇರೆ ದಾರಿ ಕಾಣದೆ ಅವನು ಬೆಕ್ಕಿನ ಮರಿಯಂಥ ಕೀರಲು ದನಿ ತೆಗೆದ. ಯಾರೂ ನಗಲಿಲ್ಲ. ಮಾವ ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿದರು. ಆಮೇಲೆ ಕೊನೆಯವರೆಗೂ ಟೀವಿಯಿಂದ ಕಣ್ಣು ಕೀಳಲಿಲ್ಲ.

ಚಿತ್ರ ಮುಗಿದ ಮೇಲೆ ಇಬ್ಬರೂ ಬಸ್ ನಿಲ್ದಾಣದವರೆಗೆ ನಡೆದರು. ಅಲ್ಲಿ ಮಾವ ಕೇಳಿದರು, "ಆ ಯಂತ್ರಮಾನವನಿಗೆ ನನ್ನ ದನಿ ಕೊಡ್ತಿದ್ದೆ, ಅಲ್ವಾ?"

"ಹೂಂ," ಅಂದ ದಪ್ಪಣ್ಣ.

"ನಗ್ತಿದ್ರಾ?"

"ತುಂಬಾ."

ಮಾವ ಉಪಕರಣ ಕೆಳಗಿಳಿಸಿ, ಮತ್ತೆ ಎತ್ತಿದರು. "ನನ್ನ ಮೊಮ್ಮಗಳೂ ಮಾಡ್ತಾಳೆ. ಆದರೆ ನನ್ನೆದುರಿಗೇ ಮಾಡ್ತಾಳೆ."

ಬಸ್ಸು ಬಂತು. ಮಾವ ಹತ್ತಿ ಹೋದರು. ದಪ್ಪಣ್ಣ ತನ್ನ ಬಸ್ಸು ಬಂದರೂ ಹತ್ತದೆ ಮನೆಯವರೆಗೆ ನಡೆದೇ ಹೋದ.

ಸೋಮವಾರದಿಂದ ಮಾವ ಎಲ್ಲರ ಜೊತೆ ಮಾತಾಡುತ್ತಿದ್ದರು, ಅವನೊಬ್ಬನಿಗೆ ಮಾತ್ರ ಚೀಟಿ ಬರೆದು ಕೊಡುತ್ತಿದ್ದರು. ಈ ಕಟ್ಟು ಎರಡು ಮಿಲಿಮೀಟರ್ ಹೆಚ್ಚಿದೆ. ಅಂಟು ಇನ್ನೂ ಒಣಗಲಿ. ಸಿಟ್ಟಿನ ಒಂದಕ್ಷರವೂ ಇಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಹತ್ತನೇ ದಿನ ತಡೆಯಲಾರದೆ ಅವನು ಕತ್ತರಿಸುವ ಯಂತ್ರದ ಮುಂದೆ ಹೋಗಿ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟ: "ಮಾವ, ನೀವಿಲ್ಲದ ಕಡೆ ನಿಮ್ಮ ದನಿ ಅಣಕಿಸಿ ಜನರನ್ನ ನಗಿಸ್ತಿದ್ದೆ. ತಪ್ಪಾಯ್ತು."

ಪುಸ್ತಕ ಹೊಲಿಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಮಾವನ ಕಿವಿ ಕೆಂಪಾಯಿತು. ಅಷ್ಟು ಜನರ ಮುಂದೆ ಅದನ್ನು ಆಡಬಾರದಿತ್ತೆಂದು ದಪ್ಪಣ್ಣನಿಗೆ ಆಗ ಹೊಳೆಯಿತು.

ಮಾವ ಕೈ ಒರೆಸಿಕೊಂಡು, ಚೀಟಿಯ ಬದಲು ಉಪಕರಣ ಎತ್ತಿದರು. "ಸರಿ. ಹೋಗಿ ಕಾಗದ ಜೋಡಿಸು," ಅಂದರು.

ದಪ್ಪಣ್ಣ ತಲೆ ತಗ್ಗಿಸಿಕೊಂಡು ಹೋಗಿ ಜೋಡಿಸಿದ.