ಪುಟ ತಿರುಗುವಾಗಿನ ಬಿಕ್ಕಳಿಕೆ

“ಈ ಪದ್ಯ ಯಾವಾಗಿಂದ ಬಿಕ್ಕಳಿಸೋಕೆ ಶುರು ಮಾಡ್ತು?”

ತುಹಾಮಿ ಯಾರನ್ನೂ ಕೇಳಿದ್ದಲ್ಲ. ಝಾವಿಯಾದ, ಆ ಸೂಫಿ ಮಠದ, ಕಂಬಕ್ಕೆ ಬೆನ್ನು ಕೊಟ್ಟು, ಚಾಪೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದವನ ಬಾಯಿಂದ ಮಾತು ತಾನಾಗಿಯೇ ಜಾರಿತ್ತು. ಎದುರಿಗೆ ಸಾಲಾಗಿ ಕೂತ ಗಾಯಕರು ಪ್ರವಾದಿಯ ಸ್ತುತಿಯ ನಡುವೆ, ಎಲ್ಲರೂ ಒಂದೇ ಕಡೆ, ಗಂಟಲಲ್ಲಿ ಖರ್ಜೂರದ ಬೀಜ ಸಿಕ್ಕಿಕೊಂಡವರ ಹಾಗೆ ನಿಂತಿದ್ದರು. ಮರುಕ್ಷಣ ಬಸ್ಸು ಹೊರಟೇಬಿಟ್ಟಿತು ಎಂಬಂತೆ ಮುಂದಿನ ಸಾಲನ್ನು ದಡಬಡನೆ ಓಡಿಸಿ ತಾಳಕ್ಕೆ ಸೇರಿಕೊಂಡಿದ್ದರು.

ಚಳಿಗಾಲವಿಡೀ ತುಹಾಮಿ ವುಜ್ದಾದಲ್ಲಿ ಮಗಳ ಮನೆಯಲ್ಲಿದ್ದ. ಕಣ್ಣಿನ ಪೊರೆ ತೆಗೆಸಿಕೊಂಡು ಫೆಸ್‌ಗೆ ಮರಳಿ ಇದೇ ಮೊದಲ ಸಲ ಅಭ್ಯಾಸಕ್ಕೆ ಬಂದಿದ್ದ. ಅವನು ಈ ಝಾವಿಯಾದ ಮುಖ್ಯಸ್ಥ, ಆದರೆ ಗಾಯಕನಲ್ಲ. ಅವನ ದನಿ ಎಣ್ಣೆ ಕಾಣದ ಬಾಗಿಲಿನದು. ಹುಡುಗನಾಗಿದ್ದಾಗಿನಿಂದ ಅವನು ಮಾಡಿದ್ದೆಲ್ಲ ಕೇಳುವ ಕೆಲಸ. ಗುರು ಹಾಜ್ ಅಯ್ಯಾಶಿ ಹಾಡುತ್ತಿದ್ದರು, ಅವನು ಕೇಳುತ್ತಿದ್ದ. ಈ ಮನೆಯಲ್ಲಿ ಕೇಳುವವನಿಗೂ ಒಂದು ಪಾಲಿದೆ. ಪ್ರವಾದಿಯ ಹುಟ್ಟುಹಬ್ಬವಾದ ಮೌಲಿದ್‌ನ ಸಂಜೆ ಹೊಸ ಮುಂಗಾಯಕ ಇಡೀ ಸ್ತುತಿಯನ್ನು ಹಾಡಿ ಮುಗಿಸಿದ ಮೇಲೆ, ಹಳೆಯ ಗುರುವನ್ನು ಕಿವಿಯಾರೆ ಕೇಳಿದವನೊಬ್ಬ ಎದ್ದು ನಿಂತು “ನಾನು ಕೇಳಿದ್ದು ಇದನ್ನೇ” ಎನ್ನಬೇಕು. ಆಮೇಲೆಯೇ ಅವನ ಹೆಗಲಿಗೆ ಗುರುಪೀಠದ ಬಿಳಿಯ ನಿಲುವಂಗಿ, ಬುರ್ನೂಸ್, ಬೀಳುವುದು. ಹಾಗೆನ್ನಬಲ್ಲವರೆಲ್ಲ ಬಾಬ್ ಫ್ತೂಹ್‌ನ ಗೋರಿಗಳಿಗೆ ಹೋಗಿಯಾಗಿತ್ತು. ಉಳಿದವನು ತುಹಾಮಿ ಒಬ್ಬ.

ಬುರ್ನೂಸಿಗೆ ಹೆಗಲು ಸಿದ್ಧವಾಗಿಯೇ ಇತ್ತು. ಗುರುವಿನ ತಂಗಿಯ ಮಗ ಜುಬೇರ್, ಮೊಬೈಲ್ ರಿಪೇರಿ ಅಂಗಡಿಯವನು, ಈಗಾಗಲೇ ಮುಂಗಾಯಕನ ನಡುವಿನ ದಿಂಬಿನ ಮೇಲೆ ಕೂರುತ್ತಿದ್ದ. ಅತ್ತರು ಎಷ್ಟು ಬಳಿದುಕೊಂಡಿದ್ದನೆಂದರೆ ಚಹಾದ ಪುದೀನಕ್ಕೂ ಅದೇ ವಾಸನೆ ಹತ್ತಿತ್ತು.

“ಅದು ಬಿಕ್ಕಳಿಕೆ ಅಲ್ಲ, ಸೀ ತುಹಾಮಿ,” ಎಂದ ತಾಮ್ರದ ಕೆಲಸದ ಫದ್ದೂಲ್, ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ. “ಅದು ವಿರಹ. ಹಾಜ್ ಅವರ ಗುಟ್ಟಿನ ವಿರಾಮ. ಅಲ್ಲಿ ಪ್ರಾಣ ಒಂದ್ ಗಳಿಗೆ ಮದೀನಾಕ್ಕೆ ಹೋಗಿ ಬರುತ್ತೆ.”

“ಹೋಗೋದೇನೋ ಸರಿ. ಬರೋವಾಗ ಯಾಕಪ್ಪ ನಾಯಿ ಅಟ್ಟಿಸ್ಕೊಂಡು ಬಂದಂಗೆ ಬರುತ್ತೆ?”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕು ಕೆಮ್ಮಿದ.

ಜುಬೇರ್ ಜೇಬಿನಿಂದ ಮೊಬೈಲ್ ತೆಗೆದು ಚಾಪೆಯ ಮೇಲಿಟ್ಟ. ಹಾಜ್ ಅಯ್ಯಾಶಿ ಬದುಕಿದ್ದಷ್ಟು ಕಾಲ ದನಿ ಮುದ್ರಿಸಲು ಒಪ್ಪಿದವರಲ್ಲ. ಒಮ್ಮೆ ಮಾತ್ರ, ಕಾಸಾಬ್ಲಾಂಕಾದವನೊಬ್ಬ ಕಂಪ್ಯೂಟರಿನಲ್ಲಿ ಸ್ತುತಿ ಕಲಿಸುವ ತಂತ್ರಾಂಶ ಮಾಡುತ್ತೇನೆಂದಾಗ ಹಾಡಿದ್ದರು. ದನಿ ಆ ತಂತ್ರಾಂಶದೊಳಗೆ ಬೀಗ ಹಾಕಿಕೊಂಡು ಕೂತಿತ್ತು, ಹೊರಗೆ ತೆಗೆಯಲು ಬರುತ್ತಿರಲಿಲ್ಲ. ಝಾವಿಯಾದ ಹಳೆಯ ಕಂಪ್ಯೂಟರ್ ಈ ಚಳಿಗಾಲ ಸುಟ್ಟುಹೋಯಿತು. ಅಲ್ಲಿಂದಾಚೆ ಗಾಯಕರ ಅಭ್ಯಾಸವೆಲ್ಲ ಈ ಮೊಬೈಲನ್ನು ಕೇಳಿಯೇ.

“ಹೊಸ ಕಂಪ್ಯೂಟರಲ್ಲಿ ಅದು ಏಳೋದೇ ಇಲ್ಲ ಚಿಕ್ಕಪ್ಪ. ಅದಕ್ಕೇ ನಾನು ಮೊಬೈಲೊಳಗೆ ಎಮ್ಯುಲೇಟರ್ ಹಾಕ್ದೆ. ಅಂದ್ರೆ, ಇಲ್ಲೊಂದು ಹಳೇ ಕಂಪ್ಯೂಟರ್ ಇದೆ ಅಂತ ಆ ತಂತ್ರಾಂಶಕ್ಕೆ ನಂಬಿಸಿದ್ದೀನಿ. ಇಡೀ ಫೆಸ್‌ನಲ್ಲಿ ಇನ್ಯಾರಿಗೂ ಆಗ್ಲಿಲ್ಲ.”

“ನಂಬ್ತಾ?”

“ನಂಬ್ತು.”

“ಪಾಪ,” ಎಂದ ತುಹಾಮಿ. “ಹಾಕು, ಕೇಳೋಣ.”

ಗುರುವಿನ ದನಿ ಎದ್ದಿತು. ಆ ದನಿಯ ಮುಂದೆ ತುಹಾಮಿ ಇವತ್ತಿಗೂ ಹತ್ತು ವರ್ಷದ ಹುಡುಗನೇ. ಆದರೆ ರಿಪೇರಿಯಾದ ಕಣ್ಣನ್ನು ಪರದೆಯಿಂದ ತೆಗೆಯಲಿಲ್ಲ. ಅಲ್ಲಿ ಚಿನ್ನದ ಅಂಚಿನ, ಗುಲಾಬಿ ಬಳ್ಳಿಯ ಪುಟವೊಂದರ ಮೇಲೆ ಪದ್ಯ ಮೂಡಿತ್ತು. ಪುಟ ತಿರುಗತೊಡಗಿತು. ಮೊಬೈಲಿಗೆ ಅಷ್ಟೊಂದು ಗುಲಾಬಿ ಹೊರುವ ಶಕ್ತಿಯಿರಲಿಲ್ಲ. ದನಿ ನಿಂತಿತು. ಗುಲಾಬಿಗಳು ತಡವರಿಸಿ ಮಗ್ಗುಲು ಬದಲಿಸಿ ಮಲಗಿದ ಮೇಲೆ, ಹಿಂದೆ ಬಿದ್ದ ದನಿ ಏದುಸಿರು ಬಿಡುತ್ತ ಓಡಿ ಬಂತು.

“ನೋಡಿದ್ರಾ,” ಫದ್ದೂಲ್ ಕಣ್ಣೊರೆಸಿಕೊಂಡ. “ಅದೇ ಜಾಗ.”

“ಮತ್ತೆ ಮೊದಲಿಂದ ಹಾಕು. ನಾನು ಹೂಂ ಅಂದಾಗ ಬೆರಳಿಂದ ಪುಟ ತಿರುವು.”

ಜುಬೇರ್ ಹಾಕಿದ. ಮೊದಲ ಸಾಲು ಮುಗಿಯುವ ಮೊದಲೇ ತುಹಾಮಿ ಹೂಂ ಎಂದ. ಬೆರಳು ಸರಿಯಿತು. ಹಾಜ್ ಅಯ್ಯಾಶಿಯವರ ಗುಟ್ಟಿನ ವಿರಹ ತನ್ನ ಜಾಗ ಬಿಟ್ಟು ಒಂದು ಪದದ ಹೊಟ್ಟೆಯ ನಡುವೆ ಬಂದು ಕೂತಿತು. ಫದ್ದೂಲ್ ಚಹಾದ ಲೋಟವನ್ನು ಕೆಳಗಿಟ್ಟ.

ಮೊಬೈಲಿನ ಮೇಲೆ ಸಿಟ್ಟು ಮಾಡಲು ತುಹಾಮಿಗೆ ಏನೂ ಸಿಗಲಿಲ್ಲ. ಅದು ತನ್ನ ಕೈಲಾದಷ್ಟು ಹೊತ್ತಿತ್ತು, ಏದುಸಿರನ್ನೂ ಮುಚ್ಚಿಡಲಿಲ್ಲ. ಅವನ ತಿರಸ್ಕಾರವೆಲ್ಲ ಈ ಗಾಯಕರ ಕಿವಿಗಳ ಮೇಲೆ. ಕೇಳಿದ್ದರಲ್ಲಿ ಕೂದಲೆಳೆಯಷ್ಟೂ ಬದಲಿಸಬಾರದೆಂದು ಇವರಿಗೆ ಕಲಿಸಿದ್ದವರು ಹಿರಿಯರು. ಏನನ್ನು ಕೇಳುತ್ತಿದ್ದೇವೆ ಎಂದು ಕೇಳಿಕೊಳ್ಳುವುದನ್ನು ಇವರೇ ಬಿಟ್ಟಿದ್ದರು. ಯಂತ್ರ ಬಿಕ್ಕಿದಲ್ಲಿ ಬಿಕ್ಕಿ, ಅದಕ್ಕೊಂದು ಅಧ್ಯಾತ್ಮವನ್ನೂ ಹೊಲಿದು ತೊಡಿಸಿದ್ದರು.

ಜುಬೇರ್‌ನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. “ಇರ್ಲಿ ಬಿಡಿ. ಮೆಕ್ನೆಸ್‌ನೋರು ಬಂದಿದ್ದಾಗ ಅದೇ ಜಾಗದಲ್ಲಿ ಅತ್ರು, ಸೀ ತುಹಾಮಿ. ಗಡ್ಡ ಒದ್ದೆ ಆಗೋ ಹಂಗೆ.”

“ಅತ್ತಿರ್ತಾರೆ. ಈರುಳ್ಳಿ ಹೆಚ್ಚಿದ್ರೂ ಅಳ್ತಾರೆ.”

“ಜನಕ್ಕೆ ಹಿಡಿಸಿದೆ.”

“ಜನಕ್ಕೆ ನಿನ್ನ ಅತ್ತರೂ ಹಿಡಿಸಿರಬಹುದು. ಒಂದ್ ವರ್ಷ ನನ್ನ ಪಕ್ಕ ಕೂತ್ಕೋ ಮಗ. ನೀನು ಹಾಡು, ತಪ್ಪಿದ ಕಡೆ ನಾನು ಮಂಡಿ ತಟ್ತೀನಿ. ದನಿ ನಿನ್ನ ಹತ್ರ ಇದೆ, ಇಲ್ಲ ಅನ್ನಲ್ಲ.”

ಜುಬೇರ್ ನಕ್ಕ. “ಹಾಡೋಕೇ ಬಾರದವರ ಹತ್ರ ಹಾಡು ಕಲಿಯೋದಾ? ಅಂಗಡಿ ಮುಚ್ಚಿ?” ಆಮೇಲೆ ದನಿ ತಗ್ಗಿಸಿ, ತುಹಾಮಿಯ ಮಂಡಿಯ ಮೇಲೆ ಕೈಯಿಟ್ಟ. “ನಾಡಿದ್ದು ಮೌಲಿದ್. ಸಲಾದಿಂದ, ಮೆಕ್ನೆಸ್‌ನಿಂದ ಬರ್ತಾರೆ. ಆ ದಿಂಬು ಖಾಲಿ ಇದ್ರೆ ಅಯ್ಯಾಶಿ ಮನೆತನದ್ದಲ್ಲ, ನಿಮ್ಮ ಝಾವಿಯಾದ ಮರ್ಯಾದೆ ಹೋಗೋದು. ನೀವು ಹೋದ ಮೇಲಂತೂ ‘ಕೇಳಿದ್ದೀನಿ’ ಅನ್ನೋಕೆ ಯಾರೂ ಇರಲ್ಲ, ಬುರ್ನೂಸ್ ಪೆಟ್ಟಿಗೇಲೇ ನುಸಿ ತಿನ್ನುತ್ತೆ. ಯೋಚ್ನೆ ಮಾಡಿ.”

ತುಹಾಮಿ ಯೋಚಿಸಿದ. ಅಷ್ಟೂ ನಿಜ. ಗುರುವಿನ ಸಾಲು ಇಲ್ಲಿಗೇ ಮುಗಿಯಬಹುದು. ಮುಗಿಸಿದವನು ಮೊಬೈಲಿನವನಲ್ಲ, ತುಹಾಮಿ ಎಂದೇ ಊರು ಆಡಿಕೊಳ್ಳುತ್ತದೆ.

“ಒಂದೇ ಮಾತು, ಚಿಕ್ಕಪ್ಪ,” ಎಂದ ಜುಬೇರ್. “ಎದ್ದು ನಿಂತು, ‘ನಾನು ಕೇಳಿದ್ದು ಇದನ್ನೇ’ ಅಂದ್ಬಿಡಿ. ಸಾಕು.”

ತುಹಾಮಿ ಮಂಡಿಯ ಮೇಲಿನ ಕೈಯನ್ನು ಎತ್ತಿ ಚಾಪೆಯ ಮೇಲಿಟ್ಟ.

“ಅನ್ನಲ್ಲ,” ಎಂದ.